ಹದಿನೆಂಟು ದಾಟಿದವರ ಫೋನು: ಪುಣೆಯ ಬೌದ್ಧಿಕ ವಿಕಲಚೇತನ ಯುವಜನರು ಮತ್ತು ಸಾಮಾಜಿಕ ಜಾಲತಾಣ

2011ರ ಜನಗಣತಿ ದೇಶದಲ್ಲಿ ಬೌದ್ಧಿಕ ವೈಕಲ್ಯವುಳ್ಳ 15 ಲಕ್ಷಕ್ಕೂ ಹೆಚ್ಚು ಜನರನ್ನು ಗುರುತಿಸಿತ್ತು. ಆಗ ಚಿಕ್ಕ ಮಕ್ಕಳಾಗಿದ್ದವರು ಇಂದು ಪ್ರಾಯಕ್ಕೆ ಬಂದಿದ್ದಾರೆ, ವಾಟ್ಸಾಪು, ಇನ್‌ಸ್ಟಾಗ್ರಾಂ ಬಳಸುತ್ತಿದ್ದಾರೆ. ಅಪಾಯದ ಸುಳಿವು ಸಿಕ್ಕೊಡನೆ ಮನೆಯವರು ಮಾಡುವ ಮೊದಲ ಕೆಲಸ ಫೋನು ಕಿತ್ತಿಡುವುದು. ಅವರ ಭಯ ಸುಳ್ಳಲ್ಲ, ಆದರೆ ಕಿತ್ತಿಡುವುದರಿಂದ ಅಪಾಯ ಕಡಿಮೆಯಾಗುವುದಿಲ್ಲ, ಕಣ್ಮರೆಯಾಗುತ್ತದೆ ಎಂಬುದು ಈ ಲೇಖನದ ವಾದ.

ವಿಶೇಷ ಶಿಕ್ಷಣದಲ್ಲಿ ಪುಣೆ ಹಿರಿಯ ನಗರ. ಅಲ್ಲಿನ ಕಾಮಾಯನಿ ಸಂಸ್ಥೆ 1964ರದು. ಅದೇ ಜಿಲ್ಲೆಯ ಇನ್ನೊಂದು ನೆನಪು ಕಹಿಯಾದದ್ದು. ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಬೌದ್ಧಿಕ ವೈಕಲ್ಯದ ಹಲವು ಹೆಣ್ಣುಮಕ್ಕಳಿಗೆ 1994ರ ಫೆಬ್ರುವರಿಯಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಯಲಾಯಿತು. ಮುಟ್ಟಿನ ಸ್ವಚ್ಛತೆಯನ್ನು ಅವರು ನೋಡಿಕೊಳ್ಳಲಾರರು ಎಂಬುದು ಕೊಟ್ಟ ಕಾರಣ. ಗರ್ಭ ನಿಲ್ಲುವ ಭಯವೂ ಚರ್ಚೆಯಲ್ಲಿ ಬಂತು. ಮಹಿಳಾ ಸಂಘಟನೆಗಳ ಪ್ರತಿಭಟನೆಯಿಂದ ಮುಂದಿನ ಶಸ್ತ್ರಚಿಕಿತ್ಸೆಗಳು ನಿಂತವು. ಗರ್ಭಕೋಶ ತೆಗೆದರೆ ದೌರ್ಜನ್ಯ ತಪ್ಪುವುದಿಲ್ಲ, ಅದರ ಗುರುತು ಮಾತ್ರ ಅಳಿಯುತ್ತದೆ ಎಂದು ವಿರೋಧಿಸಿದವರು ಕಂಡುಕೊಂಡಿದ್ದರು. ಫೋನು ಕಿತ್ತಿಡುವುದನ್ನು ಆ ಕ್ರೌರ್ಯದ ಜತೆ ತೂಗಲಾಗದು. ಆದರೂ ತರ್ಕದ ಹಾದಿ ಅದೇ: ಕೆಡುಕು ಮಾಡುವವನನ್ನು ಬಿಟ್ಟು, ಕೆಡುಕಿಗೆ ಈಡಾಗಬಹುದಾದವರ ಬದುಕನ್ನು ಮೊಟಕುಗೊಳಿಸುವುದು. ಮನೆಯ ಫೋನು ಹೋದರೆ ಗೆಳೆಯನ ಫೋನಿನಲ್ಲಿ ಗುಟ್ಟಾದ ಖಾತೆ ತೆರೆಯುತ್ತದೆ, ತಾಯಿಗೆ ಸುಳಿವೂ ಸಿಗುವುದಿಲ್ಲ.

ಕಾನೂನು ಇಲ್ಲಿ ತಡವರಿಸುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆಯ ರಕ್ಷಣೆಗೆ ಮಾನಸಿಕ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗದು, ಹುಟ್ಟಿದ ದಿನದಿಂದ ಎಣಿಸಿದ ವಯಸ್ಸೇ ಆಧಾರ ಎಂದು ಸುಪ್ರೀಂ ಕೋರ್ಟ್ 2017ರ ಈರಾ ಪ್ರಕರಣದಲ್ಲಿ ಹೇಳಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಕಾನೂನುಬದ್ಧ ಪಾಲಕರಿರುವ ವಿಕಲಚೇತನರ ಪರವಾಗಿ ಪಾಲಕರಿಂದಲೇ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಅದೇ ಕಲಮು ಬೆನ್ನುಹತ್ತುವ ಜಾಹೀರಾತಿಗೆ ಹಾಕಿರುವ ತಡೆ ಮಾತ್ರ ಮಕ್ಕಳಿಗಷ್ಟೇ. ಹೀಗಾಗಿ ಇಪ್ಪತ್ತೆರಡರ ಯುವತಿಗೆ ಮಗುವಿನ ರಕ್ಷಣೆಯೂ ಇಲ್ಲ, ಪಾಲಕರಿದ್ದರೆ ವಯಸ್ಕರ ಸ್ವಾತಂತ್ರ್ಯವೂ ಇಲ್ಲ. ಹಾದಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಅದರ 14ನೇ ಕಲಮಿನ ಸೀಮಿತ ಪಾಲಕತ್ವ ಎಂದರೆ ಪಾಲಕರೂ ವಿಕಲಚೇತನರೂ ಪರಸ್ಪರ ನಂಬಿಕೆಯಿಂದ ಕೂಡಿ ತೀರ್ಮಾನಿಸುವುದು. ಫೋನಿನ ವಿಷಯದಲ್ಲಿ ಮನೆಗಳು ಅನುಸರಿಸಬೇಕಾದದ್ದು ಇದನ್ನೇ.

ಕೂಡಿ ತೀರ್ಮಾನಿಸಲು ಮೊದಲು ಕಲಿಕೆ ಬೇಕು, ಕಲಿಕೆಯೆಂದರೆ ಉಪದೇಶವಲ್ಲ. ಅಪರಿಚಿತರ ಜತೆ ಹೋಗಬಾರದೆಂದು ಮಕ್ಕಳಿಗೆ ಕಲಿಸುವ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ರೇಮಂಡ್ ಮಿಲ್ಟನ್‌ಬರ್ಗರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ಒಂದು ಮುಖ್ಯ ಸಂಗತಿ ತೋರಿಸಿವೆ: ಸರಿಯುತ್ತರ ಒಪ್ಪಿಸುವವರು ನಿಜ ಸನ್ನಿವೇಶದಲ್ಲಿ ಹಾಗೆ ನಡೆದುಕೊಳ್ಳುತ್ತಾರೆಂಬ ಖಾತ್ರಿಯಿಲ್ಲ. ಹೇಳಿಕೊಡುವುದು, ಮಾಡಿ ತೋರಿಸುವುದು, ಮಾಡಿಸುವುದು, ಅಲ್ಲಲ್ಲೇ ತಿದ್ದುವುದು, ಈ ನಾಲ್ಕೂ ಸೇರಿದಾಗ ಫಲ ಹೆಚ್ಚು. ಜಾಲತಾಣದಲ್ಲಿ ಇದರ ಅಗತ್ಯ ಇನ್ನೂ ತೀವ್ರ. ದಿನವೂ ‘ಗುಡ್ ಮಾರ್ನಿಂಗ್’ ಹೂವಿನ ಚಿತ್ರ ಕಳಿಸುವವನು ಮೂರು ವಾರದಲ್ಲಿ ಅಪರಿಚಿತನಾಗಿ ಉಳಿಯುವುದಿಲ್ಲ, ‘ಅಪರಿಚಿತರನ್ನು ಸೇರಿಸಬೇಡ’ ಎಂಬ ನಿಯಮ ಅಲ್ಲಿಗೆ ಸೋತುಹೋಗುತ್ತದೆ. ಬದಲಿಗೆ ‘ಈ ಮುಖವನ್ನು ನಾನೂ ಅಮ್ಮನೂ ಎದುರಿಗೆ ಕಂಡಿದ್ದೇವೆಯೇ?’ ಎಂಬುದು ಪರೀಕ್ಷಿಸಿ ನೋಡಬಹುದಾದ ಪ್ರಶ್ನೆ. ಶಿಕ್ಷಕರು ಬೇರೊಂದು ಫೋನಿನಿಂದ ‘ಫೋಟೊ ಕಳಿಸು’, ‘ಯಾರಿಗೂ ಹೇಳಬೇಡ’, ‘ಓಟಿಪಿ ಹೇಳು’ ಎಂಬ ಸಂದೇಶ ಕಳಿಸಿ, ಉತ್ತರಿಸದೆ ಫೋನನ್ನು ತಂದು ತೋರಿಸುವುದನ್ನು ರೂಢಿ ಮಾಡಿಸಬೇಕು. ಇಂಥ ಅಭ್ಯಾಸ ನಡೆಯುತ್ತದೆಂದು ಕಲಿಯುವವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆದಿರಬೇಕು. ಇಲ್ಲದಿದ್ದರೆ ಅದೂ ಒಂದು ಮೋಸವೇ. ಒಂದು ಸನ್ನಿವೇಶದ ಪಾಠವನ್ನು ಇನ್ನೊಂದಕ್ಕೆ ಒಯ್ಯುವುದು ಇವರಿಗೆ ಕಷ್ಟವಾದ್ದರಿಂದ ವಾಯ್ಸ್ ಮೆಸೇಜು, ವಿಡಿಯೊ ಕಾಲುಗಳಲ್ಲೂ ಅದನ್ನೇ ಮತ್ತೆ ಮಾಡಿಸಬೇಕಾಗುತ್ತದೆ.

ಪುಣೆಯ ಕನ್ನಡ ಮನೆಗಳಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಹೋಟೆಲು ನಡೆಸುವ ಕರಾವಳಿಯವರಿರಲಿ, ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರದವರಿರಲಿ, ಮನೆಮಾತು ಕನ್ನಡ, ವಿಶೇಷ ಶಾಲೆಯಲ್ಲಿ ಸಾಮಾನ್ಯವಾಗಿ ಮರಾಠಿ, ಫೋನಿನ ಎಚ್ಚರಿಕೆ ಬಹುಪಾಲು ಇಂಗ್ಲಿಷು. ಓದು ಬಾರದವರಿಗೆ ಆ ಎಚ್ಚರಿಕೆ ಇದ್ದೂ ಇಲ್ಲದಂತೆ. ಗಾಬರಿಯಲ್ಲಿ ಬಾಯಿಗೆ ಬರಬೇಕಾದ ಮಾತು ‘ಅವ್ವಾ, ಇದೊಂದ್ ನೋಡ’. ಅದನ್ನು ಆ ಧಾಟಿಯಲ್ಲೇ ಅಭ್ಯಾಸ ಮಾಡಿಸಬೇಕು. ಕೇಳಿದ ಅವ್ವ ಬೈದು ಫೋನು ಕಸಿದರೆ ಮುಂದಿನ ಸಲ ಆ ಮಾತು ಬರುವುದಿಲ್ಲ. ಆಕೆ ಮೊದಲು ಮಾಡಬೇಕಾದದ್ದು, ಸಂದೇಶ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡುವುದು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡುವುದು.

ದೂರಿನ ಹಂತಕ್ಕೆ 2013ರ ಕ್ರಿಮಿನಲ್ ಕಾನೂನು ತಿದ್ದುಪಡಿ ಒಂದು ಒಳ್ಳೆಯ ದಾರಿ ತೆರೆದಿದೆ. ಬೆನ್ನುಹತ್ತಿ ಕಾಡುವುದೂ ಸೇರಿದಂತೆ ಲೈಂಗಿಕ ಅಪರಾಧಗಳಲ್ಲಿ ವಿಕಲಚೇತನ ಮಹಿಳೆಯ ಹೇಳಿಕೆಯನ್ನು ಪೊಲೀಸರು ಆಕೆಯ ಮನೆಯಲ್ಲೋ ಆಕೆಗೆ ಅನುಕೂಲವಾದಲ್ಲೋ, ದುಭಾಷಿ ಅಥವಾ ವಿಶೇಷ ಶಿಕ್ಷಕರ ಸಮ್ಮುಖದಲ್ಲಿ, ವಿಡಿಯೊ ಚಿತ್ರೀಕರಣದೊಂದಿಗೆ ದಾಖಲಿಸಬೇಕು. ಕನ್ನಡವಷ್ಟೇ ಆಡುವ ಯುವತಿಗೆ ಪುಣೆಯಲ್ಲಿ ಇದು ದಕ್ಕಬೇಕಾದರೆ ಕನ್ನಡ ಬಲ್ಲ ವಿಶೇಷ ಶಿಕ್ಷಕರ ಪಟ್ಟಿ ಠಾಣೆಗಳಲ್ಲಿ ಮೊದಲೇ ಇರಬೇಕು. 1918ರಿಂದ ಅಲ್ಲಿರುವ ಕನ್ನಡ ಸಂಘ ವಿಶೇಷ ಶಾಲೆಗಳ ಜತೆ ಕೂತು ಆ ಪಟ್ಟಿ ಮಾಡಿಕೊಡಬಹುದು.