ಗ್ರಾಮ ಆಡಳಿತ ಅಧಿಕಾರಿಗಳು ಮತ್ತು ಆ್ಯಪ್ ಕೆಲಸದ ಒತ್ತಡ

ಕರ್ನಾಟಕದ ಕಂದಾಯ ಇಲಾಖೆಯ ತಳಹಂತದ ನೌಕರರಾದ ಗ್ರಾಮ ಆಡಳಿತ ಅಧಿಕಾರಿಗಳ ದುಡಿಮೆ, ವಿರಾಮ ಮತ್ತು ಆರೋಗ್ಯದ ಮೇಲೆ ಮೊಬೈಲ್ ಆ್ಯಪ್‌ಗಳು ಬೀರಿದ ಪರಿಣಾಮ. 2024 ಮತ್ತು 2025ರಲ್ಲಿ ಇದು ರಾಜ್ಯವ್ಯಾಪಿ ಮುಷ್ಕರಕ್ಕೆ ಕಾರಣವಾಯಿತು. ಜನರ ಬಾಯಲ್ಲಿ ಇವರು ಇಂದಿಗೂ ‘ವಿಎ’ (ವಿಲೇಜ್ ಅಕೌಂಟೆಂಟ್), ಹಿರಿಯರಿಗೆ ಶಾನುಭೋಗರು.

ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರಿನಂಥ ಹೋಬಳಿಯಲ್ಲಿ ಈ ಕೆಲಸದ ಸ್ವರೂಪ ಸ್ಪಷ್ಟವಾಗಿ ಕಾಣುತ್ತದೆ. ಭದ್ರಾ ನಾಲೆಯ ನೀರುಂಡ ಗದ್ದೆ, ಅಡಿಕೆ ತೋಟಗಳ ಸೀಮೆ ಇದು. ಬೆಳೆ ಸಮೀಕ್ಷೆಯ ಆ್ಯಪ್ ಸರ್ವೆ ನಂಬರಿನೊಳಗೇ ನಿಂತು ತೆಗೆದ ಚಿತ್ರ ಕೇಳುತ್ತದೆ. ದಟ್ಟ ತೋಟದಲ್ಲಿ ಜಿಪಿಎಸ್ ಸಂಕೇತ ಕುಗ್ಗುವುದುಂಟು. ಆಗ ಕೆಸರಿನ ಬದುವಿನ ಮೇಲೆ ಕಾಯದೆ ಬೇರೆ ದಾರಿಯಿಲ್ಲ. ನೆರೆ ಬಂದರೆ ಹಾನಿಯ ವಿವರ, ಸರ್ಕಾರಿ ಜಮೀನಿನ ಗಸ್ತಿಗೆ ‘ಲ್ಯಾಂಡ್ ಬೀಟ್’, ಬಗರ್ ಹುಕುಂ ಅರ್ಜಿಗೊಂದು ಆ್ಯಪ್, ಪಹಣಿಗೆ ಆಧಾರ್ ಜೋಡಣೆ, ಇವುಗಳ ನಡುವೆಯೇ ಜಾತಿ–ಆದಾಯ ಪ್ರಮಾಣಪತ್ರದ ಸ್ಥಳ ಪರಿಶೀಲನೆ, ಚುನಾವಣೆ ಕೆಲಸ.

ಈ ಹೊರೆಯ ಬೇರು ಭೂದಾಖಲೆ ಗಣಕೀಕರಣದ ‘ಭೂಮಿ’ ಯೋಜನೆಯಲ್ಲಿದೆ. 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕೃತವಾಗಿ, ಕೈಬರಹದ ಪಹಣಿ ಮಾನ್ಯತೆ ಕಳೆದುಕೊಂಡಿತು. ರೈತನ ಅಲೆದಾಟ ತಗ್ಗಿದ್ದು ನಿಜ. ಅದು ದೊಡ್ಡ ಉಪಕಾರವೇ. ಆದರೆ ಮುಂದೆ ಸ್ಮಾರ್ಟ್‌ಫೋನ್ ಬಂದಂತೆ, ದತ್ತಾಂಶ ತುಂಬುವ ಹೊರೆ ಹಳ್ಳಿಯ ನೌಕರನ ಹೆಗಲಿಗೆ ಬಿತ್ತು. ಹೊಸ ಆ್ಯಪ್ ಸೇರುತ್ತ ಹೋಯಿತು, ಹಳೆಯ ಕೆಲಸ ಕಡಿಮೆಯಾಗಲಿಲ್ಲ. ಈ ಲೇಖನ ಗುರುತಿಸುವ ಮೂಲ ದೋಷ ಅದೇ. ತಂತ್ರಜ್ಞಾನವನ್ನೇ ದೂರುವುದು ಸರಿಯಲ್ಲ.

2024ರ ಸೆಪ್ಟೆಂಬರ್ 26ರಂದು ನೌಕರರು ಆ್ಯಪ್ ಮತ್ತು ವೆಬ್ ಕೆಲಸ ಬಹಿಷ್ಕರಿಸಿ ಮುಷ್ಕರಕ್ಕಿಳಿದರು. ಏಕಕಾಲಕ್ಕೆ 17ಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಪ್ರಗತಿ ತೋರಿಸಬೇಕೆಂಬ ಒತ್ತಡ ಅವರ ಮುಖ್ಯ ದೂರು. ಮೇಜು, ಕುರ್ಚಿ, ಬೀರು, ಒಳ್ಳೆಯ ಮೊಬೈಲ್, ಡೇಟಾ, ಲ್ಯಾಪ್‌ಟಾಪ್, ಪ್ರಿಂಟರ್ ಬೇಕೆಂಬುದು ಬೇಡಿಕೆಗಳಲ್ಲಿತ್ತು. ಡಿಜಿಟಲ್ ಆಡಳಿತದ ಹೆಸರಾಂತ ರಾಜ್ಯದಲ್ಲಿ ಕುರ್ಚಿಗಾಗಿಯೂ ಧರಣಿ ಕೂರಬೇಕಾದದ್ದು ನೋವಿನ ಸಂಗತಿ. ಸರ್ಕಾರದ ಭರವಸೆಯ ಮೇಲೆ ನಿಂತಿದ್ದ ಹೋರಾಟ 2025ರ ಫೆಬ್ರುವರಿ 10ರಂದು ಮತ್ತೆ ಆರಂಭವಾಯಿತು. ಇಲಾಖೆ ಲ್ಯಾಪ್‌ಟಾಪ್ ವಿತರಣೆಗೂ ಮುಂದಾಯಿತು.

ಇಂಥ ಬಳಲಿಕೆಯನ್ನು ಅಮೆರಿಕದ ಮನೋವಿಜ್ಞಾನಿ ಕ್ರೇಗ್ ಬ್ರಾಡ್ 1984ರಲ್ಲಿ ‘ಟೆಕ್ನೋಸ್ಟ್ರೆಸ್’ ಎಂದು ಕರೆದ. 2007ರಲ್ಲಿ ಸಂಶೋಧಕಿ ಮೋನಿದೀಪಾ ತರಫ್ದಾರ್ ಮತ್ತು ಸಂಗಡಿಗರು ಅದರ ಕಾರಣಗಳನ್ನು ವಿಂಗಡಿಸಿದರು. ಕೆಲಸದ ಹೇರಿಕೆ ಮತ್ತು ಖಾಸಗಿ ಸಮಯದ ಮೇಲಿನ ಆಕ್ರಮಣ, ಇವೆರಡೂ ವಿಎಗಳ ದೂರಿಗೆ ನೇರವಾಗಿ ಹೊಂದುತ್ತವೆ. ರಜಾದಿನವೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುವ ಗುರಿಯ ಪಟ್ಟಿ ಊಟ, ನಿದ್ದೆ, ಮನೆಮಂದಿಯ ಹೊತ್ತನ್ನು ಕಸಿಯುತ್ತದೆ. ಲ್ಯಾಪ್‌ಟಾಪ್ ಕೊಟ್ಟರೆ ಇದು ನಿಲ್ಲದು; ಬೇಕಿರುವುದು ಕೆಲಸದ ವೇಳೆಗೊಂದು ಮಿತಿ. ಫ್ರಾನ್ಸ್‌ನಲ್ಲಿ 2017ರ ಜನವರಿ 1ರಿಂದ, ಕೆಲಸದ ವೇಳೆಯಾಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ 50 ಅಥವಾ ಹೆಚ್ಚು ನೌಕರರುಳ್ಳ ಸಂಸ್ಥೆಗಳು ನೌಕರರೊಂದಿಗೆ ಮಾತುಕತೆ ನಡೆಸಬೇಕು. ಭಾರತದಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಇಂಥದೇ ಖಾಸಗಿ ಮಸೂದೆ ಮಂಡಿಸಿದರು; ಅದು ಕಾನೂನಾಗಲಿಲ್ಲ.