ಕಸೂತಿ
ಕಸೂತಿ (ನಾಮಪದ): ಬಟ್ಟೆಯ ಮೇಲೆ ಸೂಜಿ, ದಾರಗಳಿಂದ ಮೂಡಿಸುವ ಚಿತ್ತಾರ. ‘ಕೈ’ ಮತ್ತು ನೂಲೆಂಬ ಅರ್ಥದ ‘ಸೂತಿ’ ಸೇರಿ ಈ ಪದವಾಯಿತೆಂಬ ವಿವರಣೆ ಹೆಚ್ಚು ಪ್ರಚಲಿತ.

ಇಂದು ಕನ್ನಡದಲ್ಲಿ ಯಾವ ಎಂಬ್ರಾಯ್ಡರಿಗೂ ಕಸೂತಿ ಎನ್ನುತ್ತೇವೆ. ಧಾರವಾಡ ಸೀಮೆಯಲ್ಲಿ ಅದಕ್ಕೆ ಖಚಿತ ಅರ್ಥವಿದೆ: ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳ ಕಲೆ. ‘ನೇಗಿ’ಯಲ್ಲಿ ನೇಯ್ಗೆಯಿದೆ, ಕಾಣುವುದೂ ನೇಯ್ದಂತೆಯೇ. ‘ಮೆಂತಿ’ ಮೆಂತ್ಯದ ಹೆಸರು ಹೊತ್ತ ಅಡ್ಡಹೊಲಿಗೆ. ‘ಗವಂತಿ’ಯ ಮೂಲ ಗಂಟು ಎನ್ನುತ್ತಾರೆ, ಆದರೆ ಹೊಲಿಯುವಾಗ ಗಂಟು ಹಾಕುವಂತಿಲ್ಲ. ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಗೆರೆ ಮೂಡಿಸಿ, ಮರಳುವಾಗ ಬಿಟ್ಟ ಜಾಗ ತುಂಬುತ್ತದೆ. ಬಟ್ಟೆಯ ಎರಡೂ ಬದಿ ಒಂದೇ ಆಗುತ್ತವೆ. ಅಂಕುಡೊಂಕಾಗಿ ಸಾಗುವ ‘ಮುರಗಿ’ಯೂ ಹಾಗೆಯೇ.

ಗೋಪುರ, ತೇರು, ತುಳಸಿಕಟ್ಟೆ, ಆನೆ ಎಲ್ಲವೂ ಮೂಡುವುದು ಎಳೆ ಎಣಿಸಿಯೇ. ಮೊದಲು ಗುರುತು ಹಾಕಿಕೊಳ್ಳುವ ರೂಢಿಯಿಲ್ಲ. ಕಸೂತಿ ಹಾಕುವ ನನಗೆ ಆ ಎಣಿಕೆಯೇ ಕಲ್ಪನೆಯ ಆರಂಭ. ಎಳೆಗಳ ಲೆಕ್ಕ ಕೈಗೆ ಹತ್ತಿದ ಮೇಲೆ ಹೊಸ ಚಿತ್ತಾರ ತಾನಾಗಿ ಹೊಳೆಯುತ್ತದೆ. ಯಂತ್ರದ ಹೂಬಳ್ಳಿಗೂ ಇದೇ ಹೆಸರು ಅಂಟಿರುವ ಈ ಕಾಲದಲ್ಲಿ, ಸೀರೆ ಕೊಳ್ಳುವವರು ಸೆರಗು ಮಗುಚಿ ನೋಡಬೇಕು. ಗವಂತಿ, ಮುರಗಿಗಳ ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟಾಗಿರಬೇಕು. ಕೈಹೊಲಿಗೆಗೆ ತಕ್ಕ ಬೆಲೆ ಸಿಕ್ಕರೆ ಮಾತ್ರ ಪದದ ಹಳೆಯ ಅರ್ಥವೂ ಉಳಿದೀತು.