ಹರಿಗೋಲು: ಕೃಷ್ಣಾ–ಭೀಮಾ ತೀರದ ದುಂಡು ದೋಣಿ

ಬಿದಿರಿನ ಸೀಳುಗಳನ್ನು ಹೆಣೆದು, ಹೊರಮೈಗೆ ನೀರು ಇಳಿಯದ ಹೊದಿಕೆ ಹಾಕಿದ ದುಂಡು ದೋಣಿಗೆ ಹರಿಗೋಲು ಎಂದು ಹೆಸರು. ತೆಪ್ಪ ಎನ್ನುವವರೂ ಇದ್ದಾರೆ. ಸುರಪುರ, ಶಹಾಪುರ ಸೀಮೆಯ ಕೃಷ್ಣಾ ದಂಡೆಯಲ್ಲೂ ಯಾದಗಿರಿ ಬಳಿಯ ಭೀಮಾ ದಂಡೆಯಲ್ಲೂ ಹೊಳೆ ದಾಟಲು, ಮೀನು ಹಿಡಿಯಲು ಬಳಕೆಗೆ ಬಂದದ್ದು ಇದೇ. ಹಾಯಿದೋಣಿಗೆ ಈ ಹೊಳೆಗಳು ಒಗ್ಗಲಿಲ್ಲ. ಬೇಸಿಗೆಯಲ್ಲಿ ಇವು ಬಂಡೆ ಮತ್ತು ಮಡುಗಳ ಸಾಲು. ಮಳೆಗಾಲದಲ್ಲಿ ಗಾಳಿಗಿಂತ ಸೆಳವಿನದೇ ಜೋರು.

ಹರಿಗೋಲಿಗೆ ಮುಂದು ಹಿಂದು ಇಲ್ಲ. ತಳ ಚಪ್ಪಟೆಯಾದ್ದರಿಂದ ಮೊಳಕಾಲುದ್ದದ ನೀರಿನಲ್ಲೂ ತೇಲುತ್ತದೆ. ಬಂಡೆಗೆ ತಾಗಿದರೆ ಬಿದಿರು ಬಾಗಿ, ದೋಣಿ ಅರ್ಧ ಸುತ್ತು ತಿರುಗಿ ಪಕ್ಕಕ್ಕೆ ಸರಿಯುತ್ತದೆ. ಮರದ ದೋಣಿಯಾದರೆ ಹಲಗೆ ಸೀಳಿಹೋದೀತು. ಅಂಬಿಗ ಅಂಚಿನಲ್ಲಿ ಕೂತು ಒಂದೇ ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಭಾರವೆಲ್ಲ ನಟ್ಟನಡುವೆ ಇರಬೇಕು. ಜನ ಒಂದೇ ಮಗ್ಗುಲಿಗೆ ವಾಲಿದರೆ ಉಳಿಗಾಲವಿಲ್ಲ. ಸೆಳವಿಗೆ ಸಿಕ್ಕ ದೋಣಿ ನೇರವಾಗಿ ಎದುರು ದಂಡೆ ಮುಟ್ಟುವುದಿಲ್ಲ, ಕೆಳಗೆಲ್ಲೋ ಹೋಗಿ ಸೇರುತ್ತದೆ. ಅದಕ್ಕೇ ಅಂಬಿಗ ಮೊದಲೇ ದೋಣಿಯನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ಮೇಲಕ್ಕೆ ನಡೆದು ಅಲ್ಲಿಂದ ಇಳಿಯುತ್ತಾನೆ. ಒಬ್ಬನೇ ಹೊರಬಹುದಾದ ದೋಣಿ ಎಂಬುದೇ ಇದರ ದೊಡ್ಡ ಗುಣ.

ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಇಂಥ ದೋಣಿಗಳನ್ನು ಕಂಡ. ಒಳಗೆ ಹೆಣಿಗೆ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಅವು ಸದಾ ತಿರುಗುತ್ತಲೇ ಸಾಗುತ್ತವೆ ಎಂದು ಬರೆದಿದ್ದಾನೆ. ಮುಂದಿನ ಶತಮಾನದಲ್ಲಿ ಗೋಲ್ಕೊಂಡ ಸೀಮೆಯಲ್ಲಿ ಹೊಳೆ ದಾಟಿದ ಫ್ರೆಂಚ್ ವಜ್ರವ್ಯಾಪಾರಿ ಟಾವೆರ್ನಿಯೆ ಇನ್ನೂ ಹತ್ತಿರದಿಂದ ನೋಡಿದವನು: ಸರಕು ನೆನೆಯದಿರಲೆಂದು ತಳಕ್ಕೆ ಕಟ್ಟಿಗೆಯ ಹೊರೆ ಹಾಸಿ, ಅದರ ಮೇಲೆ ಜಮಖಾನೆ ಹರಡುತ್ತಿದ್ದರಂತೆ. ಇರಾಕಿನ ಟೈಗ್ರಿಸ್ ನದಿಯಲ್ಲೂ ಇದೇ ಜಾತಿಯ ದುಂಡು ದೋಣಿ ಇತ್ತು.

ದೋಣಿ ನಡೆಸುವುದು ಅಂಬಿಗರು, ಕಬ್ಬಲಿಗರ ಕುಲಕಸುಬು. 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನನ್ನು ಇವರು ತಮ್ಮ ಹಿರಿಯನೆಂದು ಪೂಜಿಸುತ್ತಾರೆ.

ಆಕಾರ ಬದಲಾಗದೆ ಉಳಿಯಿತು, ಬದಲಾದದ್ದು ಹೊದಿಕೆ. ಚರ್ಮದ ಹರಿಗೋಲನ್ನು ಕೆಲಸ ಮುಗಿದ ಮೇಲೆ ದಂಡೆಗೆಳೆದು ಬೋರಲು ಹಾಕಿ ಒಣಗಿಸಲೇಬೇಕು, ಇಲ್ಲವಾದರೆ ಚರ್ಮ ಕೊಳೆಯುತ್ತದೆ. ಚರ್ಮದ ಜಾಗಕ್ಕೆ ಡಾಂಬರು ಬಳಿದ ಬಟ್ಟೆ, ಪ್ಲಾಸ್ಟಿಕ್ ಹಾಳೆ ಬಂದವು. ಈಚೆಗೆ ಬಿದಿರೇ ಇಲ್ಲದ ಫೈಬರ್‌ಗ್ಲಾಸ್ ಹರಿಗೋಲು ಬಂದಿದೆ. ಗಾಜಿನ ಎಳೆಗೆ ರಾಳ ಸೇರಿಸಿ ಅಚ್ಚಿನಲ್ಲಿ ದೋಣಿ ತೆಗೆಯುವ ಈ ವಿದ್ಯೆ ಅಮೆರಿಕದಲ್ಲಿ 1940ರ ದಶಕದಲ್ಲಿ ಶುರುವಾಯಿತು. ಒಳನಾಡು ಮೀನುಗಾರರಿಗೆ ಫೈಬರ್‌ಗ್ಲಾಸ್ ಹರಿಗೋಲು ಕೊಳ್ಳಲು ರಾಜ್ಯದ ಮೀನುಗಾರಿಕೆ ಇಲಾಖೆ ಸಹಾಯಧನ ಕೊಟ್ಟಿದೆ. ಇದು ಕೊಳೆಯುವುದಿಲ್ಲ, ಒಣಗಿಸುವ ಗೋಜಿಲ್ಲ. ಆದರೆ ಬಿದಿರಿನಷ್ಟು ಬಾಗದು. ಬಿರುಕು ಬಿಟ್ಟರೆ ಊರಲ್ಲಿ ಹೆಣೆದು ಸರಿಮಾಡಲು ಬಾರದು, ರಾಳ ತರಿಸಿ ತೇಪೆ ಹಾಕಬೇಕು.

ಸೇತುವೆಗಳು ಬಂದ ಮೇಲೆ ಹರಿಗೋಲಿನ ಕಾಲ ಮುಗಿಯಬೇಕಿತ್ತು. ಕೃಷ್ಣೆಗೆ ತಿಂಥಣಿಯಲ್ಲಿ ಸೇತುವೆಯಾಯಿತು, ಶಹಾಪುರದ ಕೊಳ್ಳೂರು ಮತ್ತು ದೇವದುರ್ಗದ ಹೂವಿನಹೆಡಗಿ ನಡುವೆಯೂ ಆಯಿತು. ಆದರೆ 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಈ ಎರಡನೆಯ ಸೇತುವೆಯೇ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ ಹೊರಹರಿವು 5 ಲಕ್ಷ ಕ್ಯೂಸೆಕ್ ದಾಟಿತ್ತು. ಅಂಥ ಹೊತ್ತಿನಲ್ಲಿ ಹರಿಗೋಲು ಇಳಿಸುವುದು ಹುಚ್ಚು ಸಾಹಸ.

ಹೊಳೆ ತುಂಬಿ ಹರಿಗೋಲು ನಿಂತಾಗಿನ ಕಷ್ಟ ನಡುಗಡ್ಡೆಯವರಿಗೆ ಗೊತ್ತು. ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ ಕೃಷ್ಣೆಯ ನಡುವಿನ ಊರು. 2013ರ ಪ್ರವಾಹದಲ್ಲಿ ಹರಿಗೋಲು ನಡೆಸುವವರು ಹಿಂಜರಿದಾಗ, ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಆಸರೆಯಲ್ಲಿ ಈಜಿ ದಂಡೆ ಸೇರಿ, ಕಕ್ಕೇರಿಯ ಆಸ್ಪತ್ರೆ ತಲುಪಿದರು.